ಅಂಟು ಬಿಡುವ ಲೆಕ್ಕ

ಹಿಂಜವಾಡಿಯ ಕಚೇರಿಯಲ್ಲಿ ನನ್ನ ಕೆಲಸ ಅಂಟು ಬಿಡಿಸುವುದು. ನಿಜವಾದ ಅಂಟಲ್ಲ, ಕಂಪ್ಯೂಟರಿನೊಳಗಿನದು. ಗಾಳಿಯಂತ್ರದ ರೆಕ್ಕೆಯಲ್ಲಿ ಪದರಗಳನ್ನು ಒಂದಕ್ಕೊಂದು ಅಂಟಿಸಿರುತ್ತಾರೆ. ಎಷ್ಟು ಎಳೆದರೆ ಅವು ಬೇರೆಯಾಗುತ್ತವೆ, ಬಿರುಕು ಯಾವ ದಾರಿ ಹಿಡಿಯುತ್ತದೆ ಎಂದು ಲೆಕ್ಕ ಹಾಕಿ ಹೇಳಬೇಕು. ತಂಡದ ಉಳಿದವರೆಲ್ಲ ಬೇರೆ ಊರುಗಳಲ್ಲಿದ್ದರು. ಮಂಡ್ಯದ ಕಡೆಯಿಂದ ಈ ಮರಾಠಿ ಸೀಮೆಗೆ ಬಂದ ನಾನು ಯಾರೊಂದಿಗೂ ಮಾತಾಡದೆ ಫ್ಲ್ಯಾಟಿಗೆ ಮರಳಿದ ದಿನಗಳು ಎಷ್ಟೋ.

ಲೆಕ್ಕ ತಿಂಗಳುಗಟ್ಟಲೆ ಕೈಕೊಟ್ಟಿತು. ಬಿರುಕು ಸ್ವಲ್ಪ ಸಾಗಿ, ಒಮ್ಮೆಲೇ ಜಿಗಿದು, ಇಡೀ ಗಣನೆ ನಿಂತುಬಿಡುತ್ತಿತ್ತು. ಅಂಟಿನ ಪದರವನ್ನು ಇನ್ನೂ ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿದ ಮೇಲೆ ಅದು ಕೊನೆಯವರೆಗೆ ಓಡಿತು. ನಿಜವೋ ಸುಳ್ಳೋ ನೋಡಲು ಭೋಸರಿಯ ಪರೀಕ್ಷಾ ಘಟಕಕ್ಕೆ ಹೋದೆ.

ಅಲ್ಲಿ ಯಂತ್ರ ನಡೆಸುತ್ತಿದ್ದವರು ನನ್ನ ಅಮ್ಮನ ವಯಸ್ಸಿನ ಹೆಂಗಸು. ಅಂಟಿಸಿದ ಎರಡು ಪಟ್ಟಿಗಳನ್ನು ಯಂತ್ರ ನಿಧಾನವಾಗಿ ಎಳೆಯತೊಡಗಿತು. ಚಿಟ್ ಎಂದು ಸಣ್ಣ ಸದ್ದು. ಇಷ್ಟು ದಿನ ನಾನು ಲೆಕ್ಕ ಹಾಕಿದ್ದಕ್ಕೆ ಒಂದು ಸದ್ದಿದೆ ಎಂಬುದು ತೋಚಿಯೇ ಇರಲಿಲ್ಲ. ಬಿಡ್ತಾ ಇದೆ ಎಂದು ನನಗೆ ನಾನೇ ಸಣ್ಣ ದನಿಯಲ್ಲಿ ಹೇಳಿಕೊಂಡೆ.

ಅಲ್ಲಿಯವರೆಗೆ ಮರಾಠಿಯಲ್ಲಿ ಮಾತಾಡುತ್ತಿದ್ದ ಆಕೆ ತಿರುಗಿ ನೋಡಿದರು. "ನೀವು ಕನ್ನಡದವ್ರೇನ್ರಿ?"

ಬೀದರ ಕಡೆಯವರಂತೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇಲ್ಲಿ ಉಳಿದಿದ್ದರು. ಮಧ್ಯಾಹ್ನ ತಮ್ಮ ಡಬ್ಬಿಯ ಜೋಳದ ರೊಟ್ಟಿ ಮುರಿದು ನನಗೂ ಕೊಟ್ಟರು. ಆಮೇಲೆ ಪ್ರತಿ ಪರೀಕ್ಷೆಗೂ ನಾನೇ ಹೋಗತೊಡಗಿದೆ. ಫಲಿತಾಂಶ ತರಿಸಿಕೊಂಡರೆ ಸಾಕಿತ್ತು, ಆದರೂ ಹೋಗುತ್ತಿದ್ದೆ.

ಪಟ್ಟಿಗಳು ಬಿಟ್ಟ ರೀತಿಗೂ ನನ್ನ ಲೆಕ್ಕಕ್ಕೂ ಚೆನ್ನಾಗಿ ತಾಳೆಯಾಯಿತು. ಮ್ಯಾನೇಜರ್ ಫೋನಿನಲ್ಲಿ ಮೆಚ್ಚಿಕೊಂಡರು. ಲೆಕ್ಕವನ್ನೇ ನಂಬಬಹುದಾದ್ದರಿಂದ ಇನ್ನು ಪರೀಕ್ಷೆಗಳು ಬೇಡ ಎಂದರು. ಸರಿ ಎಂದೆ. ಅವತ್ತು ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು, ಎಲ್ಲಿ ಕೂರುವುದೆಂದು ತಿಳಿಯದೆ ಬಹಳ ಹೊತ್ತು ನಿಂತಿದ್ದೆ.

ನನಗೆ ರಜೆ ಶನಿವಾರ, ಭಾನುವಾರ. ಭೋಸರಿಯ ಆ ಘಟಕಕ್ಕೆ ಗುರುವಾರ. ಒಂದು ಗುರುವಾರ ರಜೆ ಹಾಕಿ ಆಕೆ ಬಾಡಿಗೆಗಿದ್ದ ಕೋಣೆ ಹುಡುಕಿಕೊಂಡು ಹೋದೆ. ಕೆಲಸದ ಮೇಲೆ ಬಂದಿರಾ ಎಂದು ಕೇಳಿದರು. ಇಲ್ಲ, ಸುಮ್ಮನೆ ಬಂದೆ ಎಂದೆ.

"ಭಾಳ ಚಲೋ ಆತು. ಒಳಗ ಬರ್ರಿ."

ಊಟವಾದ ಮೇಲೆ ಮಾತಾಡುತ್ತಲೇ ಅವರಿಗೆ ನಿದ್ದೆ ಹತ್ತಿತು. ವಾರವಿಡೀ ದುಡಿದ ದಣಿವು. ನಾನು ಗೋಡೆಗೆ ಒರಗಿ ಕೂತೆ. ಹೊರಗೆ ಯಾರೋ ನೀರಿಗಾಗಿ ಮರಾಠಿಯಲ್ಲಿ ಜಗಳವಾಡುತ್ತಿದ್ದರು. ಎಬ್ಬಿಸಿ, ಹೇಳಿ ಹೊರಡೋಣವೆಂದುಕೊಂಡೆ, ಎಬ್ಬಿಸಲಿಲ್ಲ. ಬಸ್ಸಿನ ಹೊತ್ತಾಗುವವರೆಗೆ ಹಾಗೆಯೇ ಕೂತಿದ್ದೆ.