ಹೆಬ್ಬೆರಳಿಗೆ ಬಗ್ಗದ ಗುಂಡಿ

ಕುಮಟೆ ಬದಿಯ ಕಾಗಾಲದಲ್ಲಿ ತೆಂಗಿನಕಾಯಿ ಕೊಯ್ಯಿಸಬೇಕೆಂದರೆ ಜನ ಮೊದಲು ಹುಡುಕುವುದು ಬೀರನನ್ನು. ಕಾಲಿಗೆ ಹಗ್ಗದ ತಳೆ ಸಿಕ್ಕಿಸಿಕೊಂಡು ಏರಿದನೆಂದರೆ, ಕೆಳಗೆ ನಿಂತವರು ಮಾತು ಮುಗಿಸುವುದರೊಳಗೆ ಮರದ ತುದಿಯಲ್ಲಿರುತ್ತಾನೆ. ಹರೆಯದಿಂದಲೂ ಮರ ಅಪ್ಪಿ ಅಪ್ಪಿ ಅವನ ಅಂಗೈ, ಬೆರಳ ತುದಿಗಳೆಲ್ಲ ಜಡ್ಡುಗಟ್ಟಿವೆ. ಒಲೆಯ ಕೆಂಡವನ್ನು ಬರಿಗೈಯಲ್ಲಿ ಎತ್ತಿ ಬೀಡಿ ಹಚ್ಚಿಕೊಳ್ಳುತ್ತಾನೆ. ಹೆಂಡತಿ ಬಂಗಾರಿ ಗದ್ದೆ ನಟ್ಟಿಗೆ ಹೋಗುವವಳು. ನಟ್ಟಿಯ ಹಾಡಿಗೆ ಮೊದಲ ಸೊಲ್ಲು ಎತ್ತುವವಳೂ ಅವಳೇ. ಇವರಿಗೆ ಒಬ್ಬಳೇ ಮಗಳು, ರಂಜಿತಾ.

ರಂಜಿತಾ ಮೂರನೆಯ ಕ್ಲಾಸಿಗೆ ಬಂದರೂ ಅಂಗನವಾಡಿ ಮಗುವಿನಷ್ಟೇ ಇದ್ದಳು. "ಗಿಡ್ಡ ಆದ್ರೆ ಎಂತ ಆತು? ನಮ್ಮ ಅವ್ವೆನೂ ಗಿಡ್ಡವೇ ಆಗಿತ್ತಲೆ" ಎಂದು ಬೀರ ಮಾತು ತೇಲಿಸಿಬಿಡುತ್ತಿದ್ದ. ಶಾಲೆಗೆ ತಪಾಸಣೆಗೆ ಬಂದ ಡಾಕ್ಟರು ಕುಮಟೆಗೆ ಕಳಿಸಿದರು, ಕುಮಟೆಯವರು ಮಂಗಳೂರಿಗೆ. ಅಲ್ಲಿಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಕೈಯ ಎಕ್ಸ್‌ರೇ ತೆಗೆಸಿ ಹೇಳಿದರು: "ಬೆಳೆಯೋದಕ್ಕೆ ಬೇಕಾದ ಹಾರ್ಮೋನು ಇವಳ ಮೈಯಲ್ಲಿ ಸಾಕಷ್ಟು ಹುಟ್ಟುತ್ತಿಲ್ಲ. ಹೊರಗಿಂದ ಕೊಡಬೇಕು. ದಿನಾ ಒಂದು ಇಂಜೆಕ್ಷನ್, ಮೂಳೆ ಬೆಳೆಯೋದು ನಿಲ್ಲುವವರೆಗೆ."

"ದಿನಾ ಚುಚ್ಚೂದು ಯಾರು?" ಎಂದಳು ಬಂಗಾರಿ.

"ನೀವೇ."

ಔಷಧಿ ಒಂದು ಟ್ರಸ್ಟಿನಿಂದ ಪುಕ್ಕಟೆ ಸಿಗುವಂತಾಯಿತು. ಜೊತೆಗೆ ಪೆನ್ನಿನಂಥ ಒಂದು ಸಾಧನ ಕೊಟ್ಟರು. ಅದರ ಸೂಜಿ ಕಣ್ಣಿಗೆ ಬೀಳುತ್ತಿರಲಿಲ್ಲ, ಮುಚ್ಚಳದೊಳಗೇ ಅಡಗಿರುತ್ತಿತ್ತು. ತೊಡೆಗೆ ಒತ್ತಿ ಹಿಡಿದು ಪಕ್ಕದ ಗುಂಡಿಯನ್ನು ಮುಟ್ಟಿದರೆ ಸಾಕು, ಟಕ್ ಎಂದು ತಾನೇ ಚುಚ್ಚಿ ತಾನೇ ಔಷಧಿ ಬಿಡುತ್ತಿತ್ತು. ಬಂಗಾರಿ ಎರಡೇ ದಿನದಲ್ಲಿ ಕಲಿತಳು. ಸಂಜೆ ದೀಪ ಹಚ್ಚಿದ ಮೇಲೆ ಮಗಳನ್ನು ಜಗಲಿಯಲ್ಲಿ ಕೂರಿಸಿ, ಹಾಡು ಗುನುಗುತ್ತಾ ಚುಚ್ಚಿ ಮುಗಿಸುತ್ತಿದ್ದಳು. ವರ್ಷ ತುಂಬುವುದರೊಳಗೆ ರಂಜಿತಾಳ ಲಂಗ ಮೊಣಕಾಲಿಗೆ ಏರಿತು. ಬೀರ ಹೋದಹೋದ ತೋಟದಲ್ಲೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ.

ಮರುವರ್ಷ ಬಂಗಾರಿಗೆ ಚಿಕೂನ್‌ಗುನ್ಯಾ ಬಂತು. ಜ್ವರ ಬಿಟ್ಟಿತು, ಗಂಟುನೋವು ಬಿಡಲಿಲ್ಲ. ಸಸಿಯ ಕಟ್ಟು ಹಿಡಿಯಲಾಗದೆ ನಟ್ಟಿಗೆ ಹೋಗುವುದನ್ನೇ ನಿಲ್ಲಿಸಿದಳು. ಆದರೂ ಆ ಪೆನ್ನಿನ ಗುಂಡಿ ಎಷ್ಟು ಹಗುರವಾಗಿತ್ತೆಂದರೆ, ಮಗಳ ಇಂಜೆಕ್ಷನ್ ಒಂದು ದಿನವೂ ತಪ್ಪಲಿಲ್ಲ.

ಆಮೇಲೆ ಆ ಪೆನ್ನೇ ಬರುವುದು ನಿಂತಿತು. ಕಂಪನಿ ಅದನ್ನು ಮಾಡುವುದನ್ನು ಬಿಟ್ಟಿದೆ ಎಂದು ಮಂಗಳೂರಿನಲ್ಲಿ ಹೇಳಿದರು. ಬದಲಿಗೆ ಕೊಟ್ಟದ್ದು ಬೇರೆ ಥರದ್ದು. ಔಷಧಿಯ ಅಳತೆಗೆ ತಿರುಗಿಸಿದರೆ ಹಿಂದಿನ ಗುಂಡಿ ಉದ್ದಕ್ಕೆ ಹೊರಬರುತ್ತಿತ್ತು. ಬರಿಸೂಜಿಯನ್ನು ಕೈಯಾರೆ ಚುಚ್ಚಿ, ಹೆಬ್ಬೆರಳಿನಿಂದ ಗುಂಡಿಯನ್ನು ಪೂರ್ತಿ ಒಳಗೆ ಅದುಮಿ, ಹತ್ತು ಎಣಿಸುವವರೆಗೆ ಅಲುಗಾಡದೆ ಹಿಡಿಯಬೇಕು.

ಮೊದಲ ಸಂಜೆ ಬಂಗಾರಿಯ ಹೆಬ್ಬೆರಳು ಬಗ್ಗಲೇ ಇಲ್ಲ. ಎರಡೂ ಕೈಯಲ್ಲಿ ಅದುಮಲು ಹೋದಳು. ಸೂಜಿ ಒಳಗೇ ಅಲುಗಿ ಮಗು ಕಿರುಚಿಕೊಂಡಿತು.

"ನೀ ಹಿಡಿ ಮಾರಾಯಾ" ಎಂದು ಗಂಡನ ಕೈಗೆ ಕೊಟ್ಟಳು.

ಬೀರ ಮಗಳ ತೊಡೆ ಹಿಡಿದುಕೊಂಡ. ಚುಚ್ಚಿದ, ಅದುಮಿದ, ತೆಗೆದ. ಔಷಧಿ ತೊಡೆಯ ಮೇಲೆ ಹರಿದುಹೋಯಿತು.

"ಪೂರ್ತಿ ಒತ್ತಿದ್ಯಾ?"

"ನಂಗೆ ಗೊತ್ತೇ ಆಗೂದಿಲ್ವೆ. ಗುಂಡಿ ಕಡೆವರೆಗೆ ಹೋತೋ ಇಲ್ವೋ, ಈ ಜಡ್ಡು ಬೆರಳಿಗೆ ತಿಳೂದಿಲ್ಲ."

ಮಳೆಗಾಲವಿಡೀ ಊರಿನ ಆರೋಗ್ಯ ಉಪಕೇಂದ್ರದ ಮಧುರಾ ಎಂಬ ನರ್ಸು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಇವರಲ್ಲಿಗೆ ಬಂದು ಚುಚ್ಚಿ ಹೋಗುತ್ತಿದ್ದರು. ಹೆರಿಗೆಗೆಂದು ಅವರು ರಜೆ ಹಾಕಿ ತವರಿಗೆ ಹೋದರು. ಬದಲಿಗೆ ಬಂದವರು ವಾರಕ್ಕೆರಡು ಸಲ ಮಾತ್ರ ಇತ್ತ ಬರುವವರು. ಉಳಿದ ದಿನ ಗಂಡಹೆಂಡತಿ ಏನೋ ಒಂದು ಮಾಡಿದರು. ಒಮ್ಮೆ ಸೂಜಿ ಬಗ್ಗಿತು. ಒಮ್ಮೆ ರಂಜಿತಾ ಓಡಿಹೋಗಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಒಡ್ಡಿನ ಮೇಲೆ ಕತ್ತಲಾಗುವವರೆಗೆ ಕೂತಿದ್ದಳು.

ಬೇಸಿಗೆಯಲ್ಲಿ ಮಂಗಳೂರಿನಲ್ಲಿ ಅಳೆದಾಗ, ಮಳೆಗಾಲದ ಕಡೆಯಲ್ಲಿ ಅಳೆದದ್ದಕ್ಕಿಂತ ಅವಳು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ.

"ಇಂಜೆಕ್ಷನ್ ತಪ್ಪಿಸಿದಿರಾ?" ಡಾಕ್ಟರಮ್ಮನ ದನಿ ಬಿರುಸಾಗಿತ್ತು.

ಬಂಗಾರಿ ಊದಿಕೊಂಡ ಬೆರಳುಗಳನ್ನು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಒಂದು ಸ್ಪಂಜಿನ ತುಂಡು ತರಿಸಿ, ಗಂಡಹೆಂಡತಿ ಇಬ್ಬರಿಂದಲೂ ಅದಕ್ಕೆ ಚುಚ್ಚಿಸಿ ನೋಡಿದರು. ಆಮೇಲೆ ದನಿ ತಗ್ಗಿತು. "ಹಾಗಾದರೆ ಇವಳೇ ಕಲಿಯಲಿ" ಎಂದು ರಂಜಿತಾಳ ಕೈಗೆ ಕೊಟ್ಟರು. ಹುಡುಗಿ ಹಲ್ಲು ಕಚ್ಚಿ ಹಿಡಿದಳು. ಮುಷ್ಟಿಯಲ್ಲಿ ಪೆನ್ನು ಹಿಡಿದರೆ ಅವಳ ಹೆಬ್ಬೆರಳು ಗುಂಡಿಯ ತುದಿಗೆ ಎಟುಕುತ್ತಿರಲಿಲ್ಲ. ಬೆಳೆಯಲೆಂದು ಕೊಟ್ಟ ಔಷಧಿಯನ್ನು ತಾನೇ ಚುಚ್ಚಿಕೊಳ್ಳುವಷ್ಟು ಅವಳ ಕೈ ಬೆಳೆದಿರಲಿಲ್ಲ.

"ಹಳೇ ಪೆನ್ನೇ ಕೊಡೂಕಾಗೂದಿಲ್ವಾ ಅಮ್ಮಾ?" ಬೀರ ಕೈ ಮುಗಿದ.

"ನಾನೂ ಕಂಪನಿಗೆ ಬರೆದಿದ್ದೇನೆ. ಉತ್ತರ ಬಂದಿಲ್ಲ."

"ಮತ್ತೆ ನಾವು ಎಂತ ಮಾಡೂದು?"

ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮೂಳೆ ಬೆಳೆಯಲು ಇನ್ನು ಹೆಚ್ಚು ವರ್ಷ ಉಳಿದಿಲ್ಲ, ಆಮೇಲೆ ಕೊಟ್ಟರೂ ಉಪಯೋಗವಿಲ್ಲ ಎಂದಷ್ಟೇ ಹೇಳಿದರು.

ವಾಪಸ್ಸು ರೈಲಿನಲ್ಲಿ, ಭಟ್ಕಳ ದಾಟಿದ ಮೇಲೆ, ರಂಜಿತಾ ಅಪ್ಪನ ತೋಳಿಗೆ ಒರಗಿ ಹೇಳಿದಳು: "ಅಪ್ಪಾ, ನಾ ಇಷ್ಟೇ ಇರ್ತೆ. ಬಿಟ್ಬಿಡು."

ಬಂಗಾರಿ ಸಿಡುಕಿದಳು: "ಬಿಡೂದೆಲ್ಲ ಇಲ್ಲ. ಸುಮ್ನೆ ಕೂತ್ಕ."

ಈಗ ಮೂವರೂ ಸೇರಿ ಚುಚ್ಚುತ್ತಾರೆ. ರಂಜಿತಾ ಸೂಜಿಯನ್ನು ತಾನೇ ತೊಡೆಗೆ ಇಳಿಸಿ ಎರಡೂ ಕೈಯಲ್ಲಿ ಪೆನ್ನು ಹಿಡಿಯುತ್ತಾಳೆ. ಬೀರ ಹೆಬ್ಬೆರಳಿಂದ ಅದುಮುತ್ತಾನೆ. ಉಳಿದ ಔಷಧಿಯ ಅಳತೆ ತೋರಿಸುವ ಪೆನ್ನಿನ ಕಿಂಡಿಯಲ್ಲಿ ಸೊನ್ನೆ ಬಂತೇ ಎಂದು ನೋಡಿ ಹೇಳುವುದು, ಹತ್ತು ಎಣಿಸುವುದು ಬಂಗಾರಿಯ ಕೆಲಸ. ಕೆಲವು ಸಂಜೆ ಎಲ್ಲ ಸರಿಹೋಗುತ್ತದೆ. ಕೆಲವು ಸಂಜೆ ಏಳಕ್ಕೋ ಎಂಟಕ್ಕೋ ಹುಡುಗಿಯ ಕೈ ಜಾರಿ, ಸೂಜಿ ಹೊರಬಂದು, ಚರ್ಮದ ಮೇಲೆ ಔಷಧಿಯ ಹನಿ ನಿಲ್ಲುತ್ತದೆ.

"ಒಳಗೆ ಎಷ್ಟು ಹೋತು?" ಬೀರ ಕೇಳುತ್ತಾನೆ.

"ಹೋಗಿರ್ತದೆ ಸ್ವಲ್ಪ" ಎಂದು ಬಂಗಾರಿ ಸೆರಗಿನಿಂದ ಹನಿ ಒರೆಸುತ್ತಾಳೆ.

ಮತ್ತೆ ಅಳೆಸಲು ದೀಪಾವಳಿ ಕಳೆದ ಮೇಲೆ ಬರಹೇಳಿದ್ದಾರೆ.