ಐದು ನಿಮಿಷದ ಸೌತೆಕಾಯಿ ಪಾಠ

ಹದಿನಾಲ್ಕು ವರ್ಷ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಇಲಿಗಳ ಜೀವಕೋಶ ನೋಡುತ್ತಾ ಕುಳಿತಿದ್ದೆ. ಒಂದು ಮಂಗಳವಾರ ಬೆಳಿಗ್ಗೆ ನಮ್ಮ ತಂಡವನ್ನೇ ಮುಚ್ಚಿ ಎಲ್ಲರನ್ನೂ ಕೆಲಸದಿಂದ ತೆಗೆದರು. ಮಾರ್ಗನ್ ಹಿಲ್‌ನ ಮನೆ ತಲುಪುವವರೆಗೂ ಅಳುತ್ತಾ ಹೋಗೋಣ ಅಂದುಕೊಂಡೆ. ಆದರೆ ದಿನವೂ ಕಿಕ್ಕಿರಿಯುವ ಫ್ರೀವೇ ಆ ಹೊತ್ತಿನಲ್ಲಿ ಖಾಲಿ ಇತ್ತು. ಅಳು ಬರುವಷ್ಟರಲ್ಲಿ ಮನೆ ಬಂದುಬಿಟ್ಟಿತು.

ಒಂದು ತಿಂಗಳು ಸುಮ್ಮನಿದ್ದು, ಶಾಲೆಯಲ್ಲಿ ವಿಜ್ಞಾನ ಕಲಿಸಲು ಹೋಗುತ್ತೇನೆ ಎಂದು ಒಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯಲ್ಲಿ ಹೇಳಿದೆ. ನನ್ನಂತೆ ಬೇರೆ ಕೆಲಸದಿಂದ ಬಂದವರಿಗೆ ಇಲ್ಲೊಂದು ಹತ್ತಿರದ ದಾರಿ ಇದೆ. ಹಗಲು ಸಂಬಳಕ್ಕೆ ಪಾಠ ಮಾಡುವುದು, ಸಂಜೆ ವಿಶ್ವವಿದ್ಯಾಲಯದಲ್ಲಿ ತಾನೇ ಪಾಠ ಕೇಳುವುದು. ಎರಡು ವರ್ಷಕ್ಕೆ ಶಿಕ್ಷಕರ ಲೈಸೆನ್ಸೂ ಸಿಗುತ್ತದೆ, ಶಿಕ್ಷಣದಲ್ಲಿ ಒಂದು ಮಾಸ್ಟರ್ಸ್ ಪದವಿಯೂ ಸಿಗುತ್ತದೆ.

ಗಂಡ "ಸರಿ" ಅಂದರು. ನಮ್ಮ ಜೊತೆಯಲ್ಲೇ ಇರುವ ಅತ್ತೆ ಊಟ ನಿಲ್ಲಿಸಿದರು. ಅವರು ಧಾರವಾಡದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವರು.

"ಸಾಲಿಗೆ? ನೀನ? ಮನ್ಯಾಗ ಇರೋ ಒಂದು ಹುಡುಗೀನ ನಿನ್ನ ಮಾತು ಕೇಳಂಗಿಲ್ಲ."

ಹದಿಮೂರು ವರ್ಷದ ಮಗಳು ತಟ್ಟೆಯಿಂದ ತಲೆ ಎತ್ತದೆ, "ಶೀ ಈಸ್ ನಾಟ್ ರಾಂಗ್, ಅಮ್ಮ" ಅಂದಳು.

ಆ ಕೋರ್ಸಿನ ಅರ್ಜಿಯ ಜೊತೆ, ನಾನು ಶಿಕ್ಷಕಿಯಾಗಬೇಕೆಂದಿರುವುದೇಕೆ ಎಂದು ಎರಡು ಪುಟ ಬರೆಯಬೇಕಿತ್ತು. ಬರೆದು ಪ್ರಿಂಟ್ ಮಾಡಿ ಮೇಜಿನ ಮೇಲಿಟ್ಟಿದ್ದೆ. ಅತ್ತೆ ಕನ್ನಡಕ ಹಾಕಿಕೊಂಡು, ಮೊಮ್ಮಗಳ ಕೆಂಪು ಪೆನ್ನು ಹಿಡಿದು ನಿಧಾನವಾಗಿ ಇಂಗ್ಲಿಷ್ ಓದಿದರು.

"ಇಷ್ಟುದ್ದ ಬರದೀ, ಇದರಾಗ ಹುಡುಗ್ರು ಎಲ್ಲಿ ಅದಾರ? ಬರೇ ಇಲಿನ ಅದಾವ."

ಹುಡುಕಿ ನೋಡಿದೆ. ವಿದ್ಯಾರ್ಥಿ ಎಂಬ ಪದ ಒಂದೇ ಒಂದು ಕಡೆ ಇತ್ತು. ಅದೂ ನಾನು ಎಂಥ ಒಳ್ಳೆಯ ವಿದ್ಯಾರ್ಥಿನಿಯಾಗಿದ್ದೆ ಎಂದು ಹೇಳುವ ವಾಕ್ಯದಲ್ಲಿ.

ಹರಿದು ಹಾಕಿ, ಮಗಳ ಶಾಲೆಯಲ್ಲಿ ನಡೆದದ್ದೊಂದನ್ನು ಬರೆದೆ. ಹಿಂದೊಮ್ಮೆ ಅಲ್ಲಿ ಮಕ್ಕಳಿಗೆ ಮೈಕ್ರೋಸ್ಕೋಪಿನಲ್ಲಿ ಈರುಳ್ಳಿ ಸಿಪ್ಪೆ ತೋರಿಸಲು ಹೋಗಿದ್ದೆ. ಒಂದು ಮಗು ಕಣ್ಣಿಟ್ಟು ತನ್ನದೇ ರೆಪ್ಪೆಗೂದಲು ನೋಡಿ, ಈರುಳ್ಳಿಯ ಕೋಶ ಇದೇ ಎಂದು ನಂಬಿ ಬಹಳ ಚೆಂದವಾಗಿ ಚಿತ್ರ ಬರೆದಿತ್ತು. ಅದಕ್ಕೆ ನಿಜವಾದ ಕೋಶ ಕಾಣಿಸುವವರೆಗೆ ಇಪ್ಪತ್ತು ನಿಮಿಷ ಹಿಡಿಯಿತು. ಲ್ಯಾಬಿನಲ್ಲಿ ನನಗೆ ಯಾವ ಇಪ್ಪತ್ತು ನಿಮಿಷವೂ ಅಷ್ಟು ಬೇಗ ಕಳೆದದ್ದಿಲ್ಲ. ಇದನ್ನು ಓದಿದ ಅತ್ತೆ ಕೆಂಪು ಪೆನ್ನಿನ ಮುಚ್ಚಳ ಹಾಕಿದರು.

ಇಂಟರ್‌ವ್ಯೂಗೆ ಕರೆ ಬಂತು. ವಿಡಿಯೋದಲ್ಲಿ ಐದು ನಿಮಿಷ ಪಾಠ ಮಾಡಬೇಕು. ಆ ಕಡೆಯ ಇಬ್ಬರು ವಿದ್ಯಾರ್ಥಿಗಳಂತೆ ನಟಿಸುತ್ತಾರೆ. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕೋಸಂಬರಿಗೆ ಹೆಚ್ಚುವಂತೆ ಸೌತೆಕಾಯಿ ಹೆಚ್ಚಿ ಉಪ್ಪು ಹಾಕಿದೆ. ಉಪ್ಪು ಬಿದ್ದರೆ ಸೌತೆಕಾಯಿ ನೀರು ಬಿಡುವುದೇಕೆ ಎಂಬುದೇ ಪಾಠ.

ಇಬ್ಬರಲ್ಲಿ ಒಬ್ಬರು ಮಹಿಳಾ ಪ್ರೊಫೆಸರ್. ಇನ್ನೊಬ್ಬರು ಬಿಳಿ ಮೀಸೆಯ ನಿವೃತ್ತ ಪ್ರಿನ್ಸಿಪಾಲರು. ಎರಡನೇ ನಿಮಿಷಕ್ಕೆ ಪ್ರಿನ್ಸಿಪಾಲರು ಮೇಜಿನ ಮೇಲೆ ತಲೆ ಇಟ್ಟು, ಇದೆಲ್ಲ ನನಗೇಕೆ, ಸೌತೆಕಾಯಿ ಕಂಡರೇ ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಗೊಣಗಿದರು. ನಟನೆ ಎಂದು ಗೊತ್ತಿದ್ದರೂ ಗಾಬರಿಯಲ್ಲಿ ಇನ್ನೂ ಜೋರಾಗಿ ವಿವರಿಸಿದೆ. ಅವರು ಆಕಳಿಸಿದರು.

ಸೌತೆಕಾಯಿ ಏನಾಯಿತೆಂದು ನೋಡಲು ಬಂದ ಅತ್ತೆ ನನ್ನ ಹೆಗಲ ಮೇಲಿಂದ ಇಣುಕಿದರು.

"ಯಾರಂವ, ತಲಿ ಹಾಕ್ಕೊಂಡು ಮಲ್ಕೊಂಡಾಂವ?"

"ಅತ್ತೆ, ಅವರು ಪ್ರಿನ್ಸಿಪಾಲರು. ಆಕ್ಟಿಂಗ್ ಮಾಡ್ತಿದಾರೆ," ಎಂದು ಪಿಸುಗುಟ್ಟಿದೆ.

"ಯಾರರೆ ಇರಲಿ. ಮುಂಜಾನೆ ಏನರೆ ತಿಂದಾನೇನು ಕೇಳು ಮೊದಲ."

ಮೈಕು ಆನ್ ಇತ್ತು. ಅತ್ತೆ ಏನೆಂದರು ಎಂದು ಪ್ರೊಫೆಸರ್ ಕೇಳಿದರು. ಬೇರೆ ದಾರಿ ಕಾಣದೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಪ್ರಿನ್ಸಿಪಾಲರು ತಲೆ ಎತ್ತಿ, ಇಲ್ಲ, ಇನ್ನೂ ತಿಂಡಿಯಾಗಿಲ್ಲ ಅಂದರು. ಅದು ನಟನೆಯೋ ನಿಜವೋ ನನಗೆ ಇಂದಿಗೂ ಗೊತ್ತಿಲ್ಲ. ಏನು ಇಷ್ಟ ಎಂದು ಕೇಳಿದೆ. ಬರ್ಗರ್, ಒಳಗೆ ಉಪ್ಪುನೀರಿನಲ್ಲಿ ನೆನೆಸಿದ ಪಿಕಲ್ ಇರಬೇಕು ಅಂದರು. ಪಿಕಲ್ ಯಾವುದರಿಂದ ಮಾಡುತ್ತಾರೆ ಎಂದೆ. ಅವರು "ಕ್ಯುಕಂಬರ್" ಎಂದು ನಕ್ಕರು. ಅಲ್ಲಿಂದ ಪಾಠ ತಾನಾಗಿ ಹೋಯಿತು. ಐದು ನಿಮಿಷದ್ದು ಒಂಬತ್ತಾದರೂ ಯಾರೂ ನಿಲ್ಲಿಸಲಿಲ್ಲ.

ಮೂರು ವಾರಕ್ಕೆ ಸೀಟು ಸಿಕ್ಕ ಪತ್ರ ಬಂತು. ಈ ಅಭ್ಯರ್ಥಿ, ಮಕ್ಕಳ ಅಗತ್ಯವನ್ನು ಗಮನಿಸುತ್ತಾರೆ ಎಂದು ಅದರಲ್ಲಿ ಒಂದು ಸಾಲಿತ್ತು. ಅತ್ತೆಗೆ ಓದಿ ಹೇಳಿದೆ.

"ನನ್ನ ಹೆಸರು ಹಾಕ್ಯಾರೇನು?"

"ಇಲ್ಲ ಅತ್ತೆ."

"ಇರಲಿ ಬಿಡು," ಅಂದರು. ಆ ಸಂಜೆ ಧಾರವಾಡಕ್ಕೆ ಫೋನು ಮಾಡಿ, ಅಮೆರಿಕದ ಪ್ರಿನ್ಸಿಪಾಲ್ ಒಬ್ಬನನ್ನು ಎಬ್ಬಿಸಿ ಕೂರಿಸಿದ ಕತೆಯನ್ನು ತಂಗಿಗೆ ಹೇಳುತ್ತಿದ್ದರು.

ಉಳಿದದ್ದು ಬೆರಳಿನ ಗುರುತು. ಶಾಲೆಯಲ್ಲಿ ಕೆಲಸ ಮಾಡುವ ಯಾರಾದರೂ ಪೊಲೀಸ್ ತಪಾಸಣೆಗೆ ಅದನ್ನು ಕೊಡಲೇಬೇಕು. ವರ್ಷಗಟ್ಟಲೆ ಕೈಗವಸು ಹಾಕಿ, ಸ್ಪಿರಿಟ್ಟಿನಲ್ಲಿ ತೊಳೆದು ನನ್ನ ಬೆರಳು ನುಣ್ಣಗಾಗಿದ್ದವು. ಯಂತ್ರ ಎರಡು ಸಲ ಒಲ್ಲೆ ಅಂದಿತು. ಟೀಚರ್ ಆಗುವ ಬದಲು ಬ್ಯಾಂಕ್ ದೋಚಬಹುದಲ್ಲ ಎಂದು ಮಗಳು ಇಂಗ್ಲಿಷಿನಲ್ಲಿ ಸಲಹೆ ಕೊಟ್ಟಳು. ವಾರವಿಡೀ ಕೊಬ್ಬರಿ ಎಣ್ಣೆ ಸವರಿಕೊಂಡು ಹೋದ ಮೇಲೆ ಮೂರನೇ ಸಲ ಅಚ್ಚು ಮೂಡಿತು.

ಆಗಸ್ಟಿನಲ್ಲಿ ಏಳನೇ ತರಗತಿಯ ಒಂದು ಕೋಣೆ ನನ್ನದಾಯಿತು. ಬಾಗಿಲ ಮೇಲೆ ಬರೆದ ನನ್ನ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಸರಿಮಾಡಿಸಲು ಆಫೀಸಿನ ಕಡೆ ಹೊರಟಿದ್ದೆ, ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಒಳಗೆ ಹೋದೆ.