ಅಣ್ಣನ ಕಿಲ್ಟಿನ ನಿರಿಗೆ

ಅಳತೆ ಟೇಪಿನ ತುದಿಯನ್ನು ಅಣ್ಣ ತಾನೇ ಹಿಡಿಯುತ್ತಿದ್ದ. ಹೊಕ್ಕಳ ಮೇಲೆ ಹೆಬ್ಬೆರಳಿನಿಂದ ಒತ್ತಿ, ಗದ್ದ ಮೇಲೆತ್ತಿ, "ಹೂಂ, ಎಳಿ ತಮ್ಮಾ, ಅಂಜಬ್ಯಾಡ," ಎನ್ನುತ್ತಿದ್ದ. ವಾದ್ಯದ ಕೊಳವೆಯ ತೂತು ಮುಚ್ಚಿ ತೆರೆದು ಆ ಹೆಬ್ಬೆರಳು ಚಪ್ಪಟೆಯಾಗಿತ್ತು.

ಅವತ್ತು ಕುಕನೂರಿನ ನಮ್ಮ ಹೊಲಿಗೆ ಅಂಗಡಿಯಲ್ಲಿ, ಅವನ ಬ್ಯಾಂಡಿನ ಪೋಷಾಕಾದ ಕಿಲ್ಟನ್ನು ಕಚ್ಚಾ ಹೊಲಿಗೆ ಹಾಕಿ ತೊಡಿಸಿ, ಅವನಿಗೆ ಮೊಣಕಾಲೂರಲು ಹೇಳಿದ್ದೆ. ಕಿಲ್ಟಿನ ಉದ್ದ ನೋಡುವ ಕ್ರಮವೇ ಅದು. ಮೊಣಕಾಲೂರಿದಾಗ ಅಂಚು ಸುತ್ತಲೂ ನೆಲ ಮುಟ್ಟೀ ಮುಟ್ಟದಂತಿರಬೇಕು. ಅಣ್ಣನಿಗೆ ಹಿಂದೆ ಮುಟ್ಟಿತು. ಮುಂದೆ, ಹೊಟ್ಟೆ ಬಟ್ಟೆಯನ್ನು ಮೇಲಕ್ಕೆ ಎಳೆದುಕೊಂಡಿದ್ದರಿಂದ, ನಾಲ್ಕು ಬೆರಳು ಮೇಲೆದ್ದಿತ್ತು. ಎದುರಿನ ಕಿರಾಣಿ ಅಂಗಡಿಯ ಚಾಚಾ ಬಾಗಿಲಿಗೆ ಬಂದು ನಕ್ಕರು.

"ಏನ್ರಿ ಉಸ್ತಾದ್, ತಮ್ಮಗ ನಮಸ್ಕಾರ ಮಾಡಾಕ ಹತ್ತೀರೇನು?"

"ತಮ್ಮಗಲ್ರೀ ಚಾಚಾ, ಹೊಟ್ಟಿಗೆ. ಇದು ಹೊಟ್ಟಿ ಅಲ್ಲ, ಸರಕಾರದ ಪಿಂಚಣಿ!" ಎಂದು ಹೊಟ್ಟೆ ತಟ್ಟಿಕೊಂಡು, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತ. ಅವನು ತಾನಾಗಿ ಹಾಗೆ ಎದ್ದದ್ದನ್ನು ನಾನು ನೋಡಿದ್ದು ಅದೇ ಕೊನೆ.

ಅಣ್ಣ ಹೈದರಾಬಾದಿನಲ್ಲಿ ಪಲ್ಟನ್ನಿನ ಬ್ಯಾಂಡಿನಲ್ಲಿದ್ದ. ಬಗಲಲ್ಲಿ ಚರ್ಮದ ಚೀಲ ಒತ್ತಿಕೊಂಡು ಊದುವ ವಾದ್ಯ ಅವನದು. ಅದನ್ನು ಊದುವ ಬಿಳಿ ಸಿಪಾಯಿಗಳಂತೆ ನಮ್ಮವರೂ ಕಿಲ್ಟು ತೊಡಬೇಕಿತ್ತು: ಮೊಣಕಾಲಿನ ತನಕ ಚೌಕಳಿಯ ಉಣ್ಣೆ ಬಟ್ಟೆ, ಮುಂದೆ ಸಪಾಟು, ಹಿಂದೆ ತುಂಬ ನಿರಿಗೆ. ಯುದ್ಧದ ವರ್ಷಗಳಲ್ಲಿ ನಿವೃತ್ತನಾಗಿ ಊರಿಗೆ ಬಂದ. ಹಳೆಯ ಕಿಲ್ಟನ್ನು ನುಸಿ ತಿಂದಿತ್ತು; ಬ್ಯಾಂಡಿನವರು ಬೀಳ್ಕೊಡುವಾಗ ಕೊಟ್ಟ ಹೊಸ ಬಟ್ಟೆ ಪೆಟ್ಟಿಗೆಯಲ್ಲೇ ಇತ್ತು. ಯಲಬುರ್ಗಾ ಕಡೆಯ ದೇಸಾಯರೊಬ್ಬರು ಮಗಳ ಮದುವೆಯಲ್ಲಿ ಅವನು ಪೂರ್ತಿ ಪೋಷಾಕಿನಲ್ಲಿ ಊದಬೇಕೆಂದು ಹೇಳಿ ಕಳಿಸಿದಾಗ ಅದು ಹೊರಬಂತು.

"ಇಲ್ಲಿ ಮಂದಿ ನಾ ಉಣ್ಣೂದು ನೋಡ್ಯಾರ, ಊದೂದು ನೋಡಿಲ್ಲ. ಒಮ್ಮಿ ತೋರಿಸಬೇಕು," ಎಂದ.

ಹೊಟ್ಟೆಯಿದ್ದವನಿಗೆ ಕಿಲ್ಟು ಹೊಲಿಯುವುದನ್ನು ಅವನೇ ಕಲಿಸಿದ. ಹೊಟ್ಟೆಯ ಕೆಳಗೆ ಕಟ್ಟಿದರೆ ಜಾರುತ್ತದೆ, ಹೊಕ್ಕಳ ಮೇಲೇ ಕಟ್ಟಬೇಕು. ಮುಂಭಾಗಕ್ಕೆ ಮೇಲ್ಗಡೆ ಬಟ್ಟೆ ಹೆಚ್ಚು ಬಿಟ್ಟರೆ ಅಂಚು ಸಮ ನಿಲ್ಲುತ್ತದೆ. ಇಪ್ಪತ್ತೆರಡು ನಿರಿಗೆ ಹಿಡಿದೆ. "ನಿರಿಗ್ಯಾಗ ಬಟ್ಟಿ ಉಳದಿರತೈತಿ. ಮನಶ್ಯಾ ದಪ್ಪಾದರ ಒಂದೊಂದ ಬಿಚ್ಚಿದರಾತು," ಎನ್ನುತ್ತಿದ್ದ.

ಹದಿನೈದು ದಿನ ಬಿಟ್ಟು ಬಂದಾಗ ಪಟ್ಟಿ ಬಕ್ಕಲಿಗೆ ಸೇರಲಿಲ್ಲ. ಮೂರು ನಿರಿಗೆ ಬಿಚ್ಚಿದೆ. ಮುಂದಿನ ವಾರ ಇನ್ನೂ ನಾಲ್ಕು. ಟೇಪು ಹೊಟ್ಟೆಗೆ ಹೆಚ್ಚು ತೋರಿಸುತ್ತಿತ್ತು, ಪೋಷಾಕಿನ ಕೋಟಿಗೆಂದು ಅಳೆದ ಕೊರಳಿಗೆ, ತೋಳಿಗೆ ಕಡಿಮೆ. ಉಂಡು ಬೆಳೆದವನ ಕೊರಳೂ ಬೆಳೆಯುತ್ತದೆ. ಅಷ್ಟು ನನ್ನ ಕಸುಬಿಗೆ ಗೊತ್ತಿತ್ತು. ಮೊಣಕಾಲೂರಿದವನನ್ನು ನಾನೂ ಚಾಚಾ ಇಬ್ಬರೂ ಸೇರಿ ಎಬ್ಬಿಸಿದೆವು. ಚಾಚಾ ನಗಲಿಲ್ಲ. ಅವರು ಹೋದ ಮೇಲೆ ಅಂಚು ನೋಡಲು ಬಗ್ಗಿದಾಗ ಅಣ್ಣನ ಕಣಕಾಲಿಗೆ ನನ್ನ ಬೆರಳು ಒತ್ತಿತು. ತೆಗೆದ ಮೇಲೂ ಅಲ್ಲಿ ಕುಳಿ ಹಾಗೇ ಉಳಿಯಿತು. ಇಬ್ಬರೂ ಅದನ್ನೇ ನೋಡಿದೆವು.

"ಕೊಪ್ಪಳದ ದವಾಖಾನಿಗೆ ಹೋಗೂಣು," ಎಂದೆ.

"ಹೋದರ ಮಲಗಿಸ್ತಾರ. ಲಗ್ನ ಆಗಲಿ. ನಿಮ್ಮ ಅತ್ತಿಗಿಗೆ ಹೇಳಬ್ಯಾಡ. ನೀ ನಿರಿಗಿ ಬಿಚ್ಚು."

ಬಿಚ್ಚಿದೆ.

ಅತ್ತಿಗೆ ಒಮ್ಮೆ ಅಂಗಡಿಗೇ ಬಂದಳು. "ಉಣ್ಣೂದು ಅರ್ಧ ರೊಟ್ಟಿ, ಹೊಟ್ಟಿ ನೋಡಿದರ ಗಡಿಗಿ ಆಗೇತಿ. ಖರೇ ಹೇಳೋ ತಮ್ಮಾ, ಅಳತಿ ಹೆಚ್ಚಾಗೇತೇನು?"

"ಅಳತಿ ಅಷ್ಟ ಐತಿ ಅತ್ತಿಗಿ. ಉಣ್ಣಿ ಬಟ್ಟಿ, ಕುಗ್ಗೇತಿ," ಎಂದೆ. ಅವಳು ನಂಬಿ ಹೋದಳು.

ಮದುವೆಯ ಬೆಳಿಗ್ಗೆ ನಾನೇ ತೊಡಿಸಿದೆ. ಹಿಂದೆ ಆರೇ ನಿರಿಗೆ ಉಳಿದಿದ್ದವು. ದೇಸಾಯರ ಅಂಗಳದಲ್ಲಿ ಯಾರೋ, "ನೋಡ್ರಿ, ಗಂಡಸು ಲಂಗಾ ಉಟ್ಟಾನ," ಎಂದರು. ಅಣ್ಣ ಊದತೊಡಗಿದ ಕೂಡಲೇ ನಗು ನಿಂತಿತು. ಬಂಡಿಯ ಎತ್ತುಗಳು ಕಿವಿ ನಿಮಿರಿಸಿದವು. ಒಂದು ಧಾಟಿ ಪೂರ್ತಿಯಾಯಿತು. ಎರಡನೆಯದರ ನಡುವೆ ಊದುವ ಕೊಳವೆ ಅವನ ಬಾಯಿಂದ ಜಾರಿತು. ಚೀಲದೊಳಗಿದ್ದ ಗಾಳಿಯಿಂದ ವಾದ್ಯ ಇನ್ನೂ ಸ್ವಲ್ಪ ಹೊತ್ತು ನುಡಿಯುತ್ತಲೇ ಇತ್ತು. ಮಂದಿಗೆ ತಿಳಿಯಲಿಲ್ಲ, ನನಗೆ ತಿಳಿಯಿತು. ಅವನು ಮೆಲ್ಲಗೆ ಮೊಣಕಾಲೂರಿದ. ಅಂಚು ಸುತ್ತಲೂ ಸಮವಾಗಿ ನೆಲ ಮುಟ್ಟಿತ್ತು.

ದವಾಖಾನೆಯಲ್ಲಿ ಹೊಟ್ಟೆಯಿಂದ ನೀರು ತೆಗೆದರು. "ತಿಂಗಳ ಹಿಂದ ತಂದಿದ್ದರ..." ಎಂದು ಡಾಕ್ಟರು ಮಾತು ಅಲ್ಲಿಗೇ ಬಿಟ್ಟರು. ಒಂಬತ್ತನೆಯ ದಿನ ಅಣ್ಣ ಹೋದ.

ಕಿಲ್ಟನ್ನು ಮಡಚಿಡುವಾಗ ಅತ್ತಿಗೆ ಬಿಚ್ಚಿದ ಹೊಲಿಗೆಯ ತೂತುಗಳ ಮೇಲೆ ಬೆರಳಾಡಿಸಿದಳು. "ಎಷ್ಟು ಬಿಚ್ಚಿದ್ದಿ?" ಎಂದು ಕೇಳಿದಳು.

"ಹದಿನಾರು."

ಅವಳು ಕಿಲ್ಟನ್ನು ಪೆಟ್ಟಿಗೆಯಲ್ಲಿಟ್ಟಳು. ನಾನು ಯಾಕೆ ಸುಳ್ಳು ಹೇಳಿದೆನೆಂದು ಇವತ್ತಿಗೂ ಕೇಳಿಲ್ಲ.

ಹೊಟ್ಟೆಯಿದ್ದವರು ಅಂಗಿಗೆ, ಕೋಟಿಗೆ ಈಗಲೂ ಬರುತ್ತಾರೆ. ಒಬ್ಬರ ಹೊಟ್ಟೆಯ ಅಳತೆ ಹೆಚ್ಚಿ ಕೊರಳಿನದು ಇಳಿದಿದ್ದರೆ, ದವಾಖಾನೆಗೆ ಹೋಗಿರೆಂದು ಬಾಯಿಬಿಟ್ಟು ಹೇಳುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ಟೇಪಿನ ಎರಡೂ ತುದಿಗಳನ್ನು ನಾನೇ ಹಿಡಿದುಕೊಳ್ಳುತ್ತೇನೆ. ಹೊಕ್ಕಳ ಮೇಲೆ ಒತ್ತುತ್ತಿದ್ದ ಆ ಹೆಬ್ಬೆರಳು ಇಲ್ಲ.